ಸ್ಪ್ರಿಂಟ್‌ಗೆ ಎಷ್ಟು ಕೆಲಸ ಹಿಡಿಸುತ್ತದೆ: ಕಾಸರಗೋಡಿನ ಕಾನ್ಫಿಗರೇಶನ್ ತಂಡವೊಂದರ ಲೆಕ್ಕಾಚಾರ

ಅಂಗಡಿಗಳ ಮತ್ತು ಸಗಟು ವ್ಯಾಪಾರಿಗಳ ಬಿಲ್ಲಿಂಗ್ ಸಾಫ್ಟ್‌ವೇರನ್ನು ಆಯಾ ಗ್ರಾಹಕರ ಅಗತ್ಯಕ್ಕೆ ಹೊಂದಿಸಿಕೊಡುವ ಐವರ ತಂಡವನ್ನು ನಾನು ಕಾಸರಗೋಡಿನಲ್ಲಿ ನೋಡಿಕೊಳ್ಳುತ್ತೇನೆ. ನಾವು ಹೊಸ ಕೋಡ್ ಬರೆಯುವುದು ಅಪರೂಪ. ತೆರಿಗೆ ದರ, ಬಿಲ್ಲಿನ ನಮೂನೆ, ಪ್ರಿಂಟರ್, ಬಳಕೆದಾರರ ಅನುಮತಿ ಇವುಗಳ ಸೆಟ್ಟಿಂಗೇ ನಮ್ಮ ಕೆಲಸ. ಸ್ಪ್ರಿಂಟ್, ಅಂದರೆ ಯೋಜಿಸಿದ ಕೆಲಸವನ್ನು ಮುಗಿಸಲು ತಂಡ ಇಟ್ಟುಕೊಳ್ಳುವ ನಿಗದಿತ ಅವಧಿ, ಒಂದು ತಿಂಗಳನ್ನು ಮೀರಬಾರದೆಂಬುದು ಸ್ಕ್ರಮ್ ಎಂಬ ತಂಡದ ಕೆಲಸದ ಪದ್ಧತಿಯ ನಿಯಮ. ನಾವು ಎರಡು ವಾರ ಇಟ್ಟುಕೊಂಡಿದ್ದೇವೆ.

ಸೆಟ್ಟಿಂಗ್ ಬದಲಿಸಲು ಹಿಡಿಯುವ ಹೊತ್ತನ್ನೇ ಕೆಲಸದ ಗಾತ್ರವೆಂದು ತಿಳಿಯಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಬದಿಯಡ್ಕದ ಅಂಗಡಿಯೊಂದು ಕನ್ನಡದಲ್ಲಿ ಬಿಲ್ ಬೇಕೆಂದು ಕೇಳಿತೆನ್ನಿ. ನಮೂನೆಯನ್ನು ಬದಲಿಸಲು ಕೆಲವೇ ನಿಮಿಷ ಸಾಕು. ಆದರೆ ಸಾಮಾನ್ಯ ಥರ್ಮಲ್ ಪ್ರಿಂಟರ್‌ಗಳಲ್ಲಿ ಕನ್ನಡ ಅಕ್ಷರಗಳೇ ಇರುವುದಿಲ್ಲವಾದ್ದರಿಂದ ಸಾಲುಗಳನ್ನು ಚಿತ್ರವಾಗಿ ಕಳುಹಿಸಬೇಕಾಗುತ್ತದೆ. ಆಗ ಮುದ್ರಣ ನಿಧಾನವಾಗುತ್ತದೆ, 'ತೆಂಗಿನೆಣ್ಣೆ ಒಂದು ಲೀಟರ್' ಎಂಬಷ್ಟು ಉದ್ದದ ಹೆಸರು ಎರಡನೆಯ ಸಾಲಿಗೆ ಇಳಿದು ಬೆಲೆಯ ಅಂಕಣ ಸರಿದುಹೋಗುತ್ತದೆ. ಆದ್ದರಿಂದ ನಾವು ಪ್ರತಿ ಟಿಕೆಟ್ಟಿಗೂ (ದಾಖಲಿಸಿಕೊಂಡ ಒಂದೊಂದು ಕೆಲಸಕ್ಕೂ) ಪರೀಕ್ಷೆಯ ಹೊತ್ತನ್ನು ಮೊದಲು ಬರೆದು, ಬದಲಾವಣೆಯ ಹೊತ್ತನ್ನು ಆಮೇಲೆ ಸೇರಿಸುತ್ತೇವೆ. ಗ್ರಾಹಕರಿಂದ ಮಾಹಿತಿ ಬರಲು ಬಾಕಿಯಿರುವ ಟಿಕೆಟ್ ಸ್ಪ್ರಿಂಟ್‌ಗೆ ಸೇರುವುದಿಲ್ಲ.

ಎಂಟು ಗಂಟೆಯ ದಿನದಲ್ಲಿ ಐದನ್ನು ಮಾತ್ರ ಯೋಜಿತ ಕೆಲಸಕ್ಕೆ ಎಣಿಸುತ್ತೇವೆ. ಹಿಂದಿನ ಮೂರು ಸ್ಪ್ರಿಂಟ್‌ಗಳಲ್ಲಿ ಗ್ರಾಹಕರ ಕರೆಗಳಿಗೆ ಹೋದ ಸಮಯದ ಸರಾಸರಿಯನ್ನು ಅದರಿಂದ ಕಳೆಯುತ್ತೇವೆ. ಮಾಸಿಕ ರಿಟರ್ನ್ ಸಲ್ಲಿಸುವವರಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ರ ಗಡುವು 11ನೆಯ ತಾರೀಕು, ತೆರಿಗೆಯ ಒಟ್ಟು ಲೆಕ್ಕ ಕೊಡುವ ಜಿಎಸ್‌ಟಿಆರ್-3ಬಿಯದ್ದು 20. ಇವೆರಡೂ ಒಂದೇ ಸ್ಪ್ರಿಂಟ್‌ನೊಳಗೆ ಬಿದ್ದರೆ ಸರಾಸರಿಯ ಮೇಲೆ ಇನ್ನಷ್ಟು ಸಮಯವನ್ನು ಮೀಸಲಿಡುತ್ತೇವೆ. ಕರೆ ತೆಗೆದುಕೊಳ್ಳುವವರು ಪಾಳಿಯ ಪ್ರಕಾರ ಒಬ್ಬರೇ. ಉಳಿದ ನಾಲ್ವರ ಗಮನ ಚದುರದಿರಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ.

ಈ ಕ್ರಮವು ಒರೆಗೆ ಹತ್ತಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಜಿಎಸ್‌ಟಿ ಮಂಡಳಿಯು 3ರ ರಾತ್ರಿ ಹೊಸ ದರಗಳನ್ನು ಪ್ರಕಟಿಸಿತು, ಅವು 22ರಿಂದ ಜಾರಿಗೆ ಬರಬೇಕಿತ್ತು, ನಡುವೆ 5ರಂದು ತಿರುವೋಣಂ. ಓಣಂ ರಜೆಯನ್ನು ಮೊಟಕುಗೊಳಿಸದೆ, ಮುಂದಿನ ಸ್ಪ್ರಿಂಟ್‌ನಲ್ಲಿದ್ದ ವರದಿ ಮತ್ತು ಬಿಲ್ ನಮೂನೆಗಳ ಟಿಕೆಟ್ಟುಗಳನ್ನೆಲ್ಲ ಬ್ಯಾಕ್‌ಲಾಗ್‌ಗೆ (ಬಾಕಿ ಕೆಲಸಗಳ ಪಟ್ಟಿಗೆ) ಮರಳಿಸಿ, ದರ ಬದಲಾವಣೆಯೊಂದನ್ನೇ ಉಳಿಸಿಕೊಂಡೆವು. ತುಪ್ಪ ಶೇಕಡಾ 12ರಿಂದ 5ಕ್ಕೆ, ಸ್ನಾನದ ಸಾಬೂನು 18ರಿಂದ 5ಕ್ಕೆ, ಸಿಮೆಂಟ್ 28ರಿಂದ 18ಕ್ಕೆ ಇಳಿಯುವಾಗ ಹಳೆಯ ದರವನ್ನು ಅಳಿಸುವಂತಿರಲಿಲ್ಲ. 22ಕ್ಕೆ ಮೊದಲು ಮಾರಿದ ಸರಕು ಹಿಂದಿರುಗಿದರೆ ಕ್ರೆಡಿಟ್ ನೋಟಿನಲ್ಲಿ (ಬಿಲ್ಲಿನ ಮೊತ್ತವನ್ನು ಇಳಿಸಿ ಕೊಡುವ ಚೀಟಿಯಲ್ಲಿ) ಮೂಲ ಬಿಲ್ಲಿನ ದರವೇ ಬರಬೇಕು. ಹಾಗಾಗಿ ಎರಡೂ ದರಗಳನ್ನು ಜಾರಿಯ ದಿನಾಂಕದೊಂದಿಗೆ ಇಟ್ಟು, ಸ್ಪ್ರಿಂಟ್‌ನ ಬಹುಪಾಲು ಗಂಟೆಗಳನ್ನು ಈ ಹಿಂದಿರುಗಿಕೆಯ ಪರೀಕ್ಷೆಗೇ ಕೊಟ್ಟೆವು.