ಇಂಗ್ಲೆಂಡಿನಲ್ಲಿ ಮನೆಗೇ ಬರುವ ಕ್ರೈಸಿಸ್ ಟೀಮ್

ಬೆಂಗಳೂರಿನಲ್ಲಾದರೆ ನಮಗೆ ಗೊತ್ತಿರುವ ದಾರಿ ಒಂದೇ. ಮನೆಯಲ್ಲಿ ಯಾರದಾದರೂ ಮನಸ್ಸು ತೀರಾ ಹದಗೆಟ್ಟರೆ ನಾಲ್ಕು ಜನ ಸೇರಿ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗುವುದು. ಇಂಗ್ಲೆಂಡಿನಲ್ಲಿ ಲೆಕ್ಕ ತಿರುಗುಮುರುಗು. ಇಲ್ಲಿ ಮೊದಲು ಕ್ರೈಸಿಸ್ ಟೀಮ್, ಅಂದರೆ ಮಾನಸಿಕ ತುರ್ತಿಗೆಂದೇ ಇರುವ ತಂಡ, ತಾನೇ ಮನೆಗೆ ಬರುತ್ತದೆ, ಅಡ್ಮಿಟ್ ಮಾಡುವುದು ಕೊನೆಯ ಮಾತು.

ಫೋನ್ ಮಾಡಬೇಕಾದ್ದು 111ಕ್ಕೆ, ಅದು ಎನ್‌ಎಚ್‌ಎಸ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಸಹಾಯವಾಣಿ. ಆಮೇಲೆ 2 ಒತ್ತಿ. ನಡುರಾತ್ರಿಯಾದರೂ ಸರಿ, ಜಿಪಿ (ನಮ್ಮ ಫ್ಯಾಮಿಲಿ ಡಾಕ್ಟರ್ ಇದ್ದಂತೆ) ಚೀಟಿ ಬೇಕಿಲ್ಲ. ಪ್ರಾಣಕ್ಕೆ ಅಪಾಯ ಅನಿಸಿದರೆ ಮಾತ್ರ ಸೀದಾ ತುರ್ತು ನಂಬರ್ 999, ಇಲ್ಲವೇ ಆಸ್ಪತ್ರೆಯ ತುರ್ತು ವಿಭಾಗವಾದ ಎ ಅಂಡ್ ಇ. 111ರವರು ಮಾತಾಡಿ ನೋಡಿ, ಅಗತ್ಯ ಕಂಡರೆ ಕ್ರೈಸಿಸ್ ಟೀಮಿಗೆ ಒಪ್ಪಿಸುತ್ತಾರೆ. 2000ದ ಎನ್‌ಎಚ್‌ಎಸ್ ಪ್ಲಾನ್ ಇಂಥ 335 ಟೀಮ್ ಕಟ್ಟಬೇಕೆಂದು ಗುರಿ ಇಟ್ಟಿತ್ತು. ವಾರ್ಡಿನ ಹಾಸಿಗೆಗೆ ಕಾವಲೂ ಇವರದೇ. ಮನೆಯಲ್ಲಿ ನಿಭಾಯಿಸಲು ಆಗಲ್ಲ ಎಂದು ಇವರು ಹೇಳಿದ ಮೇಲೇ ಸಾಮಾನ್ಯವಾಗಿ ಹಾಸಿಗೆ ಸಿಗುವುದು. ವೀಸಾ ಜೊತೆ ಹೆಲ್ತ್ ಸರ್‌ಚಾರ್ಜ್ (ಎನ್‌ಎಚ್‌ಎಸ್ ಬಳಕೆಯ ಶುಲ್ಕ) ಕಟ್ಟಿದವರಿಗೆ ಇದಕ್ಕೆ ಮತ್ತೆ ಖರ್ಚಿಲ್ಲ.

ಹೆಚ್ಚಾಗಿ ಇಬ್ಬರು ಬರುತ್ತಾರೆ, ಮಾಮೂಲಿ ಬಟ್ಟೆಯಲ್ಲಿ. ಪಕ್ಕದ ಮನೆಯವರಿಗೆ ಗೊತ್ತೇ ಆಗಲ್ಲ. ಸೋಫಾ ಮೇಲೆ ಕೂತು ನೇರವಾಗಿ ಕೇಳಿಬಿಡುತ್ತಾರೆ: "ಸಾಯಬೇಕು ಅಂತ ಅನಿಸುತ್ತಿದೆಯಾ?" ನಮ್ಮ ಹಿರಿಯರಿದ್ದರೆ "ಅಯ್ಯೋ, ಬಿಡ್ತು ಅನ್ನಿ" ಎಂದು ಬಾಯಿ ಮುಚ್ಚಿಸಲು ನೋಡುತ್ತಾರೆ. ಹಾಗೆ ಮಾಡಬೇಡಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮುಚ್ಚಿಟ್ಟರೆ ಸುಮ್ನೆ ಅವರ ಅಂದಾಜು ತಪ್ಪುತ್ತದೆ, ಅಷ್ಟೇ. ಊರಿಂದ ತಂದ ಮಾತ್ರೆಯ ಸ್ಟ್ರಿಪ್‌ಗಳನ್ನೂ ಮುಂದಿಡಿ. ನಮ್ಮ ಬ್ರ್ಯಾಂಡ್ ಹೆಸರು ಇಲ್ಲಿಯವರಿಗೆ ಗೊತ್ತಿರಲ್ಲ, ಕೆಳಗೆ ಸಣ್ಣಕ್ಷರದಲ್ಲಿರುವ ಔಷಧಿಯ ಹೆಸರು ತೋರಿಸಿ. ಜಾಸ್ತಿ ಮಾತ್ರೆ ಮನೆಯಲ್ಲಿರುವುದು ಬೇಡ ಎಂದು ಕೆಲವು ದಿನಕ್ಕಾಗುವಷ್ಟೇ ಕೊಡುವುದೂ ಉಂಟು. ಬೇಕಾದರೆ ದಿನಕ್ಕೆ ಎರಡು ಸಲ ಬಂದು ನೋಡುತ್ತಾರೆ. ಬರುವವರು ಮಾತ್ರ ಬದಲಾಗುತ್ತಲೇ ಇರುತ್ತಾರೆ. ಅದೇ ಕತೆ ಮತ್ತೆ ಮತ್ತೆ ಹೇಳಿ ಸಾಕಾಗುತ್ತದೆ. ನನ್ನ ಕೇಳಿದರೆ ಈ ವ್ಯವಸ್ಥೆಯ ದೊಡ್ಡ ಕೊರತೆ ಅದೇ.

ದುಭಾಷಿ ಬೇಕಿದ್ದರೆ ಉಚಿತ. ಇಂಡಿಯಾದವರು ಅಂದರೆ ಹಿಂದಿ ಅಂದುಕೊಂಡಾರು, ಕನ್ನಡ ಎಂದು ಫೋನಿನಲ್ಲೇ ಬರೆಸಿ.

ಇನ್ನೊಂದು ವಿಷಯ ನಮ್ಮವರಿಗೆ ಒಗ್ಗಲ್ಲ. ಮನೆಯವರು ಹೇಳಿದ್ದನ್ನು ಟೀಮ್ ಕೇಳಿಸಿಕೊಳ್ಳುತ್ತದೆ, ಆದರೆ ರೋಗಿಯ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಸಾಮಾನ್ಯವಾಗಿ ಹೇಳಲ್ಲ. ರೋಗಿ ಒಪ್ಪದಿದ್ದರೂ ಸೇರಿಸಬೇಕಾದರೆ ಮೆಂಟಲ್ ಹೆಲ್ತ್ ಆಕ್ಟ್ ಬರುತ್ತದೆ: ಸಾಮಾನ್ಯವಾಗಿ ಇಬ್ಬರು ಡಾಕ್ಟರ್, ಜೊತೆಗೆ ಅದಕ್ಕೆಂದೇ ತರಬೇತಾದ ಒಬ್ಬ ಅಧಿಕಾರಿ. ಅದರ ಸೆಕ್ಷನ್ 2ರಲ್ಲಿ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುವುದು ಹೆಚ್ಚೆಂದರೆ 28 ದಿನ. 1983ರ ಆ ಕಾಯ್ದೆ 'ನಿಯರೆಸ್ಟ್ ರಿಲೇಟಿವ್', ಅಂದರೆ ಹತ್ತಿರದ ಸಂಬಂಧಿ, ಎಂದು ಒಬ್ಬರಿಗೆ ಹಕ್ಕು ಕೊಟ್ಟಿದೆ, ಆದರೆ ರೋಗಿ ಇಲ್ಲಿ ನೆಲೆಸಿದ್ದರೆ ಮೈಸೂರಿನಲ್ಲಿರುವ ಅಪ್ಪ ಅಮ್ಮ ಆ ಲೆಕ್ಕಕ್ಕೆ ಬರಲ್ಲ. ಹಾಗಾಗಿ ಇಲ್ಲಿ ಒಬ್ಬಂಟಿಯಾಗಿರುವವರು ಮೊದಲ ಭೇಟಿಯಲ್ಲೇ "ನನ್ನ ಅಪ್ಪನ ಜೊತೆ ಮಾತಾಡಬಹುದು" ಎಂದು ಫೈಲಿನಲ್ಲಿ ಬರೆಸಿ. 91 ಹಾಕಿ ನಂಬರನ್ನೂ ಕೊಡಿ.