ಮುಲಾಮು ಹಚ್ಚಿದ ಕೈ ಸೀದಾ ನಲ್ಲಿಗೇ?

ಅಜ್ಜನ ಮಂಡಿಗೆ ನೋವಿನ ಮುಲಾಮು ಡೈಕ್ಲೋಫೆನಾಕ್ ಜೆಲ್ ತಿಕ್ಕಿ, ಅದೇ ಕೈಯನ್ನು ಸೀದಾ ನಲ್ಲಿ ಕೆಳಗೆ ಹಿಡಿಯುತ್ತೀರಲ್ಲ, ನೋಡಿದರೆ ಮೈ ಉರಿಯುತ್ತದೆ. ಹಚ್ಚಿದ್ದರಲ್ಲಿ ಚರ್ಮ ಹೀರುವುದು ನೂರಕ್ಕೆ ಸುಮಾರು 6 ಪಾಲು. ಮಿಕ್ಕಿದ್ದರಲ್ಲಿ ಬಹುಪಾಲು ಬಚ್ಚಲಿಗೇ. ಕೊಳಚೆ ನೀರಿನ ಘಟಕದಲ್ಲೂ ಅದು ಪೂರ್ತಿ ಹೋಗುವುದಿಲ್ಲ; ಹೊಳೆ ಸೇರಿದರೆ ಮೀನಿನ ಕಿವಿರು, ಮೂತ್ರಪಿಂಡಕ್ಕೆ ಕೇಡು. ರಣಹದ್ದುಗಳನ್ನು ಮುಗಿಸಿದ್ದೂ ಇದೇ ಔಷಧಿ: ಅದನ್ನು ಚುಚ್ಚಿದ್ದ ದನ ಸತ್ತಾಗ ತಿಂದ ಹದ್ದುಗಳ ಕಿಡ್ನಿ ಹೋಯಿತು. ದನಗಳಿಗೆ ಕೊಡುವುದನ್ನು ಸರ್ಕಾರ 2006ರಲ್ಲಿ ನಿಲ್ಲಿಸಿತು. ನಮ್ಮ ಮಂಡಿಗಲ್ಲ.

ಟಿಶ್ಯೂ ಎರಡು ಹಾಳೆ ಮೊದಲೇ ಪಕ್ಕದಲ್ಲಿಟ್ಟುಕೊಳ್ಳಿ, ಜಿಡ್ಡು ಕೈಯಲ್ಲಿ ಹುಡುಕಾಡಬೇಡಿ. ಒಂದು ಮಂಡಿಗೆ ಅಡಿಕೆಯಷ್ಟು ಜೆಲ್ ಸಾಕು, ದೋಸೆಹಿಟ್ಟು ಸುರಿದ ಹಾಗೆ ಸುರಿಯಬೇಡಿ. ಆಮೇಲೆ ಅಂಗೈ, ಬೆರಳ ಸಂದು, ಉಗುರಿನ ಅಂಚು ಒಣ ಹಾಳೆಯಲ್ಲಿ ಒತ್ತಿ ಒರೆಸಿ. ಎರಡನೇ ಹಾಳೆಗೆ ಜಿಡ್ಡು ಹತ್ತಬಾರದು, ಅಲ್ಲಿಯವರೆಗೂ. ಸೋಪು ಆಮೇಲೆ. ನೋಟ್‌ಬುಕ್ ಹಾಳೆ ಹೀರುವುದಿಲ್ಲ. ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನೇ ಒಗೆದರೆ ಏನು ಬಂತು? ನೋವು ಕೈಬೆರಳಿನದೇ ಆದರೆ ಒಂದು ಗಂಟೆ ಒರೆಸಲೂ ಬೇಡಿ, ತೊಳೆಯಲೂ ಬೇಡಿ. ಮುಲಾಮು ಸ್ನಾನವಾದ ಮೇಲೆ ಹಚ್ಚುವುದು, ಮುಂಚೆ ಅಲ್ಲ. ಹತ್ತು ನಿಮಿಷ ಆರಿದ ಮೇಲೆ ಪಂಚೆ ಇಳಿಬಿಡಲಿ.

ಎಣ್ಣೆ ಬಾಣಲೆಗೂ ಇದೇ ಮಾತು, ಮೊದಲು ಕಾಗದ, ಆಮೇಲೆ ಸೋಪು. ಸಿಂಕ್ ಕಟ್ಟಿಕೊಂಡಿತು ಅಂತ ಪ್ಲಂಬರಿಗೆ ಫೋನು ಮಾಡುವುದೂ ತಪ್ಪುತ್ತದೆ.

ಹಿಂದೆ ಕಾಂಪೌಂಡರು ಮೂರು ದಿನದ ಮಾತ್ರೆ ಎಣಿಸಿ ಪೊಟ್ಟಣ ಕಟ್ಟುತ್ತಿದ್ದರು, ಉಳಿಯುವ ಮಾತೇ ಇರಲಿಲ್ಲ. ಈಗ ಡಬ್ಬಿ ತುಂಬ ಅರ್ಧ ಸ್ಟ್ರಿಪ್ಪು. ಅವನ್ನು ಕಮೋಡಿಗೆ ಸುರಿಯುವುದೂ ಬೇಡ, ಬಚ್ಚಲೊಲೆಗೆ ಹಾಕುವುದೂ ಬೇಡ. ಅವಧಿ ಮುಗಿದ ಔಷಧಿ ಅಪಾಯಕಾರಿ ಕಸ, ಬೇರೆಯೇ ಕೊಡಬೇಕು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಹೇಳಿದ್ದರು. ಹಾಗೆ ತೆಗೆದುಕೊಳ್ಳುವವರು ನಿಮ್ಮೂರಲ್ಲಿ ಇಲ್ಲದಿದ್ದರೆ ಬಿಡಿಸಿದ ಮಾತ್ರೆಯನ್ನು ಫಿಲ್ಟರಿನ ಕಾಫಿ ಚರಟದಲ್ಲಿ ಕಲಸಿ, ಕವರಿಗೆ ಗಂಟು ಹಾಕಿ ಕೊಡಿ. ಹಸಿ ಕಸಕ್ಕೆ ಮಾತ್ರ ಬೇಡ, ಅದು ಗೊಬ್ಬರವಾಗುತ್ತದೆ.

ಒರೆಸಿದ ಟಿಶ್ಯೂವನ್ನೂ ಗೊಬ್ಬರದ ಕಸಕ್ಕೆ ಸೇರಿಸಬೇಡಿ. ಖಾಲಿ ಟ್ಯೂಬಿಗೆ ಮುಚ್ಚಳ ಬಿಗಿ ಮಾಡಿ ಔಷಧಿ ಕಸದ ಜೊತೆಗೇ ಕೊಡಿ. ಹಾಲಿನ ಕವರು ತೊಳೆದ ಹಾಗೆ ಅದನ್ನೂ ಕತ್ತರಿಸಿ ಸಿಂಕಿನಲ್ಲಿ ತೊಳೆಯಲು ಕೂತೀರಿ ಮತ್ತೆ!