ಒಂದೇ ತಂತಿಯಲ್ಲಿ ಎಸಿ, ಡಿಸಿ ಎರಡೂ

ಆಡಿಯೊ ಸರ್ಕ್ಯೂಟ್ ಕಲಿಯಲು ನಾನು ಹಿಡಿದದ್ದು ಎಲ್‌ಎಂ386 ಎಂಬ ಎಂಟು ಕಾಲಿನ ಆಂಪ್ಲಿಫೈಯರ್ ಐಸಿ, ಅಂದರೆ ಸದ್ದಿನ ಸಿಗ್ನಲ್ ದೊಡ್ಡದು ಮಾಡುವ ಚಿಪ್. 9 ವೋಲ್ಟಿನ ಬ್ಯಾಟರಿ, 8 ಓಮ್ ಸ್ಪೀಕರ್, ನಾಲ್ಕಾರು ಬಿಡಿಭಾಗ ಇದ್ದರೆ ಸಾಕು. ಉಡುಪಿಯ ನಮ್ಮ ಮನೆಯಲ್ಲಿ ಬೆಸುಗೆ ಬೇಡದ ಬ್ರೆಡ್‌ಬೋರ್ಡ್ ಮೇಲೆ ಜೋಡಿಸಿ, ಒಂದೊಂದೇ ಕಾಲಿಗೆ ಮೀಟರ್ ಹಿಡಿದೆ.

ಬ್ಯಾಟರಿಯದು ಡಿಸಿ (ಒಂದೇ ದಿಕ್ಕಿಗೆ ಹರಿಯುವುದು), ಗೋಡೆಯ ಪ್ಲಗ್ಗಿನದು ಎಸಿ (ದಿಕ್ಕು ಬದಲಿಸುತ್ತಾ ಇರುವುದು) ಅಂತ ಶಾಲೆಯಲ್ಲಿ ಕಲಿತಿರುತ್ತೇವೆ ಅಲ್ವಾ? ಆಡಿಯೊಗೆ ಅಷ್ಟು ಸಾಲದು. ಈ ಐಸಿಯ 5ನೇ ಕಾಲು ಔಟ್‌ಪುಟ್. ಹಾಡು ಇಲ್ಲದಾಗಲೂ ಅಲ್ಲಿ 4.5 ವೋಲ್ಟ್ ಡಿಸಿ ಇರುತ್ತದೆ, ಅಂದರೆ ಬ್ಯಾಟರಿಯ ಅರ್ಧ. ಹಾಡು ಹಾಕಿದರೆ ಸಿಗ್ನಲ್ ಆ 4.5ರ ಆಚೀಚೆ ಓಲಾಡುತ್ತದೆ. ಆ ಓಲಾಟವೇ ಎಸಿ. ಮಲ್ಪೆಯಲ್ಲಿ ಕಟ್ಟಿ ನಿಲ್ಲಿಸಿದ ಬೋಟಿನ ಹಾಗೆ: ಎಷ್ಟು ಎತ್ತರದಲ್ಲಿರಬೇಕು ಅನ್ನುವುದು ಉಬ್ಬರದ ಕೆಲಸ, ಕುಣಿಸುವುದು ಅಲೆಯ ಕೆಲಸ. ಒಂದೇ ಬ್ಯಾಟರಿ ಇದ್ದಾಗ ಸೊನ್ನೆಗಿಂತ ಕೆಳಗೆ ಹೋಗಲು ದಾರಿಯಿಲ್ಲ. ಅದಕ್ಕೇ ನಡುಮಧ್ಯದಲ್ಲಿ ನಿಲ್ಲಬೇಕು.

ಆ ಡಿಸಿ ಸ್ಪೀಕರಿಗೆ ಹೋಗಬಾರದು. ಯಾಕೆಂದು ನೋಡಬೇಕಾದರೆ ಸ್ಪೀಕರಿಗೆ ಒಂದು ಪೆನ್ಸಿಲ್ ಸೆಲ್ ಮುಟ್ಟಿಸಿ. ಟಪ್ ಅಂತ ಕೋನ್ ಒಂದು ಬದಿಗೆ ಸರಿದು ಅಲ್ಲೇ ನಿಲ್ಲುತ್ತದೆ. ಮತ್ತೆ ಸದ್ದಿಲ್ಲ, ಕಾಯಿಲ್ ಸುಮ್ನೆ ಬಿಸಿಯಾಗುತ್ತದೆ. ಹಾಗಾಗಿ ನಡುವೆ ಒಂದು ಕೆಪಾಸಿಟರ್. ಪ್ಲಸ್ ತುದಿ ಐಸಿ ಕಡೆಗೆ. ಡಿಸಿ ಅಲ್ಲೇ ನಿಲ್ಲುತ್ತದೆ, ಹಾಡು ದಾಟುತ್ತದೆ. ಆದರೆ ಎಲ್ಲವೂ ಸಮನಾಗಿ ದಾಟುವುದಿಲ್ಲ. 220 ಮೈಕ್ರೊಫ್ಯಾರಡ್ ಹಾಕಿದರೆ 8 ಓಮಿಗೆ ಸುಮಾರು 90 ಹರ್ಟ್ಜ್‌ಗಿಂತ (ಸೆಕೆಂಡಿಗೆ 90 ಕಂಪನ) ಕೆಳಗಿನ ದಪ್ಪ ಸದ್ದು ಸೊರಗುತ್ತದೆ. 1000 ಹಾಕಿದರೆ 20 ಹರ್ಟ್ಜ್‌ವರೆಗೂ ಬರುತ್ತದೆ. ಅಂಗೈ ಅಗಲದ ಸ್ಪೀಕರಿನಲ್ಲಿ ಇದು ಗೊತ್ತಾಗದು. ದೊಡ್ಡ ಬಾಕ್ಸ್‌ನಲ್ಲಿ ಕೇಳಿಸುತ್ತದೆ.

ಅಳೆಯುವಾಗ ಒಂದು ಎಚ್ಚರ. ಅಗ್ಗದ ಮೀಟರಿನ ಎಸಿ ರೇಂಜ್ ಕೆಲವೊಮ್ಮೆ ಡಿಸಿಯನ್ನೂ ಎಣಿಸಿ ಸುಳ್ಳು ಹೇಳುತ್ತದೆ. ನಾನು ಎಸಿ ಅಳೆಯುವುದು ಕೆಪಾಸಿಟರ್ ದಾಟಿದ ಮೇಲೆ, ಸ್ಪೀಕರ್ ತುದಿಯಲ್ಲಿ. ಅದೂ ಮೊಬೈಲಿನಿಂದ 200 ಹರ್ಟ್ಜ್ ಟೋನ್, ಅಂದರೆ ಒಂದೇ ಸಮನೆಯ ಸದ್ದು, ಹಾಕಿ. ಹಾಡು ಹಾಕಿದರೆ ಅಂಕಿ ನಿಲ್ಲುವುದೇ ಇಲ್ಲ.

ಈ ಕಲಿಕೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಒಂದು ಭಜನಾ ಮಂಡಳಿಯ ಹಳೆಯ ಆಂಪ್ಲಿಫೈಯರ್‌ನಲ್ಲಿ. "ಎಂತ ಮಾರಾಯ್ರೆ, ಬ್ಯಾಟರಿಗೆ ಹಾಕಿದ್ರೆ ಸರಿ ಉಂಟು, ಕರೆಂಟಿಗೆ ಹಾಕಿದ್ರೆ ಗುಂಯ್ ಅಂತದೆ" ಅಂದರು. ಆ ಮಾತಿನಲ್ಲೇ ಅರ್ಧ ಉತ್ತರ ಇತ್ತು. ನಮ್ಮ ಕರೆಂಟು 50 ಹರ್ಟ್ಜ್. ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫೈಯರ್ ದಾಟಿದ ಮೇಲೆ ಅಲೆ 100 ಹರ್ಟ್ಜ್ ಆಗುತ್ತದೆ. ಅದನ್ನು ಚಪ್ಪಟೆ ಮಾಡಬೇಕಾದದ್ದು ಫಿಲ್ಟರ್ ಕೆಪಾಸಿಟರ್. ಮೊಬೈಲಿನಲ್ಲಿ 50, 100 ಎರಡೂ ಟೋನ್ ಹಾಕಿ ಗುಂಯ್ ಸದ್ದಿಗೆ ಹೋಲಿಸಿದೆ. 100ಕ್ಕೆ ಕೂಡಿತು. ಕೆಪಾಸಿಟರ್ ಮೇಲ್ಭಾಗ ಉಬ್ಬಿತ್ತು. ಪ್ಲಗ್ ತೆಗೆದು, ಅದರಲ್ಲಿ ಉಳಿದ ಚಾರ್ಜನ್ನು ರೆಸಿಸ್ಟರ್ ಹಿಡಿದು ಇಳಿಸಿ, ಅಷ್ಟೇ ವೋಲ್ಟಿನ ಹೊಸದನ್ನು ಹಾಕಿದೆ. ಗುಂಯ್ ಹೋಯಿತು. ಒಂದು ವೇಳೆ 50ಕ್ಕೆ ಕೂಡಿದ್ದರೆ ಪವರ್ ಸಪ್ಲೈ ಬಿಟ್ಟು, ಮೊದಲು ಮೈಕಿನ ಕೇಬಲ್ಲಿನ ಶೀಲ್ಡನ್ನೂ (ಹೊರಗಿನ ಗುಂಯ್ ತಡೆಯುವ ಲೋಹದ ಹೊದಿಕೆ) ಅರ್ತಿಂಗನ್ನೂ ನೋಡುತ್ತಿದ್ದೆ.